ಎರೆಹುಳದ ಸಾಹೇಬರು ಗಾಳ ಹಿಡಿದದ್ದು

ಒಂದು ಸಂಗತಿಯನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಇಷ್ಟು ವರ್ಷ ಹೊಟ್ಟೆ ಹೊರೆದದ್ದು ಎರೆಹುಳದಿಂದ. ತಪ್ಪು ತಿಳಿಯಬೇಡಿ. ಕೃಷಿ ಇಲಾಖೆಯಲ್ಲಿ ಸಹಾಯಕನಾಗಿ ಹುಕ್ಕೇರಿ, ಮೂಡಲಗಿ, ಗೋಕಾಕ ಎಂದು ಸುತ್ತಾಡಿ ನಿವೃತ್ತನಾದವನು ನಾನು. ಸೇವೆಯುದ್ದಕ್ಕೂ ಏನೇನೋ ಯೋಜನೆಗಳು ಬಂದವು, ಹೋದವು. ನನ್ನ ಕೈಯಲ್ಲಿ ಕೊನೆಯವರೆಗೂ ಉಳಿದದ್ದು ಎರೆಹುಳ ಒಂದೇ. ಊರೂರಿಗೆ ಹೋಗಿ, ಗುಂಡಿ ತೋಡಿಸಿ, ಸಗಣಿ ಹಾಕಿಸಿ, ಅಂಗೈ ಮೇಲೆ ಒಂದು ಹುಳವನ್ನು ಇಟ್ಟುಕೊಂಡು, “ನೋಡ್ರಿ, ಇದು ನಿಮ್ಮ ಹೊಲದಾಗ ಪಗಾರ ಇಲ್ಲದ ದುಡಿಯೋ ಆಳು” ಎಂದು ಭಾಷಣ ಮಾಡುತ್ತಿದ್ದೆ. ಜನ ನನ್ನ ಹೆಸರನ್ನು ಮರೆತು ‘ಎರಿಹುಳದ ಸಾಹೇಬ್ರು’ ಎಂದೇ ಕರೆಯತೊಡಗಿದರು. ಒಮ್ಮೆ ಕೌಜಲಗಿಯ ಒಂದು ಮದುವೆಯಲ್ಲಿ ಊಟಕ್ಕೆ ಕುಳಿತಿದ್ದಾಗ ಯಜಮಾನರು ಪಕ್ಕದವರಿಗೆ ಬಹಳ ಅಭಿಮಾನದಿಂದ ನನ್ನನ್ನು ಹಾಗೆಯೇ ಪರಿಚಯಿಸಿದರು. ಅದೇ ಹೊತ್ತಿಗೆ ಶಾವಿಗೆ ಪಾಯಸ ಬಡಿಸುತ್ತಿದ್ದರು. ಪಕ್ಕದವರು ತಮ್ಮ ಬಟ್ಟಲನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು, ಬಟ್ಟಲನ್ನು ಮೆಲ್ಲಗೆ ಆಚೆ ಸರಿಸಿದರು. ಅಷ್ಟು ಪ್ರಖ್ಯಾತಿ ನನ್ನದು.

ಆದರೆ ಭಾಷೆಯ ವಿಷಯದಲ್ಲಿ ನಾನು ಸ್ವಲ್ಪ ಎಚ್ಚರದಿಂದ ಇರಬೇಕಿತ್ತು. ನಮ್ಮ ಕನ್ನಡದಲ್ಲಿ ಎರೆ ಎಂದರೆ ಕಪ್ಪು ಮಣ್ಣು ಹೌದು. ಗಾಳಕ್ಕೆ ಸಿಕ್ಕಿಸಿ ಮೀನಿಗೆ ಒಡ್ಡುವ ತಿಂಡಿಯೂ ಹೌದು. ಹುಳ ತನ್ನ ಹೆಸರಿನಲ್ಲೇ ತನ್ನ ಹಣೆಬರಹವನ್ನು ಹೊತ್ತುಕೊಂಡು ತಿರುಗುತ್ತಿದ್ದರೂ, ಅದರ ಮೊದಲನೆಯ ಅರ್ಥವನ್ನಷ್ಟೇ ಹಿಡಿದುಕೊಂಡು ನಾನು ಮೂವತ್ತು ವರ್ಷ ಮಾತಾಡಿದೆ. ಎರಡನೆಯ ಅರ್ಥವನ್ನು ಬಲ್ಲವಳು ನಮ್ಮ ಮನೆಯಲ್ಲೇ ಇದ್ದಳು. ಅವಳು ನನ್ನ ಹೆಂಡತಿ ಸುಮಿತ್ರಾ.

ಸುಮಿತ್ರಾ ಅಂಕೋಲೆಯ ಕಡೆಯ ಒಂದು ಕಡಲತೀರದ ಹಳ್ಳಿಯವಳು. ಘಟಪ್ರಭಾದ ಒಂದು ಆಸ್ಪತ್ರೆಗೆ ನರ್ಸ್ ಆಗಿ ಬಂದಿದ್ದಳು. ತುಕ್ಕಾನಟ್ಟಿಯ ಹಾದಿಯಲ್ಲಿ ಕಬ್ಬಿನ ಟ್ರ್ಯಾಕ್ಟರಿಗೆ ದಾರಿ ಬಿಡಲು ಹೋಗಿ ಬೈಕಿನ ಸಮೇತ ಬೇಲಿಗೆ ಬಿದ್ದ ನಾನು, ಮೊಣಕಾಲು ಒಡೆದುಕೊಂಡು ಅಲ್ಲಿಗೆ ಹೋದೆ. ಸೂಜಿ ತೆಗೆದುಕೊಂಡು ಬಂದವಳು “ಆ ಕಡೆ ನೋಡ್ರಿ” ಎಂದಳು. ನಾನು ಆ ಕಡೆ ನೋಡುವುದನ್ನು ಬಿಟ್ಟು ಈ ಕಡೆ, ಅವಳನ್ನು ನೋಡಿದೆ. ಮುಂದಿನದನ್ನು ಹೇಳಿದರೆ ನನ್ನ ವಯಸ್ಸಿಗೆ ಒಪ್ಪುವುದಿಲ್ಲ. ಗಾಯ ಮಾಯುವುದಕ್ಕೆ ಬೇಕಾದದ್ದಕ್ಕಿಂತ ಬಹಳ ಹೆಚ್ಚು ಸಲ ಪಟ್ಟಿ ಬದಲಿಸಿಕೊಂಡು ಬಂದೆ ಎಂದಷ್ಟೇ ಹೇಳಿದರೆ ಸಾಕು.

ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ. ಮನೆಯ ಹತ್ತಿರ ತತ್ತಿ ಮಾರುವವನ ಸೈಕಲ್ಲು ನಿಂತರೆ ಅಂಗಳಕ್ಕೆ ನೀರು ಹಾಕಿಸುತ್ತಿದ್ದ ಅವ್ವ ನನ್ನವಳು. ಸುಮಿತ್ರಾಳ ಮನೆಯಲ್ಲಿ ಮೀನಿಲ್ಲದ ಊಟಕ್ಕೆ ಊಟ ಎನ್ನುತ್ತಲೇ ಇರಲಿಲ್ಲ. ನಾನು ಹಟ ಹಿಡಿದೆ. ಅವ್ವ ಎರಡು ದಿನ ಅನ್ನ ಬಿಟ್ಟಳು. ಮೂರನೆಯ ದಿನ ಹೊಟ್ಟೆ ತಡೆಯದೆ ರೊಟ್ಟಿ ತಿಂದು, ಹುಡುಗಿಯನ್ನು ಎದುರಿಗೆ ಕೂಡ್ರಿಸಿಕೊಂಡು ಒಂದೇ ಮಾತು ಹೇಳಿದಳು: “ನೋಡವ್ವಾ, ನಮ್ಮ ಹೊಸ್ತಿಲ ದಾಟಿ ಮೀನ ಬರಬಾರ್ದು. ಅಷ್ಟ ನಡಿಸಿಕೊಟ್ರ ನೀ ನನ್ನ ಮಗಳು.” ಸುಮಿತ್ರಾ “ಆಯ್ತು” ಎಂದಳು. ಅದನ್ನು ನಡೆಸಿಯೂ ಕೊಟ್ಟಳು. ಬದನೆಕಾಯಿ ಎಣಗಾಯಿ ಮಾಡುವುದರಲ್ಲಿ ಅವ್ವನನ್ನೇ ಮೀರಿಸಿದಳು. ಮಾತೂ ನಮ್ಮದಾಯಿತು. ಕೋಪ ಬಂದಾಗ ಮತ್ತು ಕಡಲಿನ ವಿಷಯ ಬಂದಾಗ ಮಾತ್ರ ಅವಳ ಬಾಯಿಂದ ತವರಿನ ಕನ್ನಡ ಹೊರಡುತ್ತಿತ್ತು. ಕೋಪ ಆಗಾಗ ಬರುತ್ತಿತ್ತು. ಕಡಲಿನ ವಿಷಯವನ್ನು ನಮ್ಮ ಮನೆಯಲ್ಲಿ ಯಾರು ತೆಗೆಯಬೇಕು?

ಈಗ ಯೋಚಿಸಿದರೆ ಎಷ್ಟೋ ಸೂಚನೆಗಳಿದ್ದವು. ಕೌಜಲಗಿಯ ನಮ್ಮ ಹೊಲದ ಬಾವಿಯಲ್ಲಿ ನೀರು ಸೇದುವಾಗ, ಕೊಡ ಮುಳುಗಿದ ಮೇಲೂ ಅವಳು ತಕ್ಷಣ ಹಗ್ಗ ಎಳೆಯುತ್ತಿರಲಿಲ್ಲ. ಹಗ್ಗವನ್ನು ತೋರುಬೆರಳಿನ ಮೇಲೆ ಹಾಯಿಸಿಕೊಂಡು, ಕಣ್ಣು ಅರೆಮುಚ್ಚಿ, ಏನನ್ನೋ ಕೇಳಿಸಿಕೊಳ್ಳುವಂತೆ ನಿಲ್ಲುತ್ತಿದ್ದಳು. “ಏನಾತು?” ಎಂದರೆ “ಏನಿಲ್ಲ” ಎಂದು ಜಗ್ಗಿಬಿಡುತ್ತಿದ್ದಳು. ಸೊಂಟ ನೋವಿರಬೇಕು ಎಂದು ನಾನು ತೈಲ ತಂದುಕೊಟ್ಟೆ. ಮಳೆಗಾಲದಲ್ಲಿ ಬಂಧುಗಳು ಬಂದರೆ ಗೋಕಾಕದವರಿಗೆ ಒಂದು ಕೆಲಸ ಖಾಯಂ: ಫಾಲ್ಸ್ ತೋರಿಸುವುದು. ಒಮ್ಮೆ ಎಲ್ಲರೂ ಆ ಅಬ್ಬರವನ್ನು ಬಾಯಿ ತೆರೆದು ನೋಡುತ್ತಿದ್ದಾಗ ಸುಮಿತ್ರಾ ನನ್ನ ಪಕ್ಕದಲ್ಲಿ ನಿಂತು, “ಬಿದ್ದ ನೀರು ಹೋಗೇ ಬಿಡ್ತದೆ. ಸಮುದ್ರದ ನೀರಾದ್ರೆ ತಿರುಗಿ ಬರ್ತದೆ” ಎಂದಳು. ನಾನು ಅದನ್ನು ನೀರಾವರಿಯ ದೃಷ್ಟಿಯಿಂದ ಯೋಚಿಸಿ, “ಉಪ್ಪುನೀರು ಬಂದ್ರೇನ, ಹೋದ್ರೇನ, ಬೆಳಿಗೆ ಉಪಯೋಗ ಇಲ್ಲ” ಎಂದೆ. ಇಂಥ ಗಂಡಂದಿರು ಇನ್ನೂ ಎಷ್ಟು ಜನ ಇದ್ದಾರೋ!

ತವರಿಗೆ ಹೋಗುವುದೂ ನಿಂತುಹೋಗಿತ್ತು. ಅವಳ ಅಪ್ಪ ತೀರಿಕೊಂಡ ಮೇಲೆ ಅಣ್ಣ ಕಡಲ ದಂಡೆಯ ಮನೆಯನ್ನು ಮಾರಿ ಧಾರವಾಡದಲ್ಲಿ ಮನೆ ಮಾಡಿದ. ಆಮೇಲೆ ರಾಖಿ ಕಟ್ಟಲಿಕ್ಕೂ, ಸೀರೆ ಉಡಿಸಿಕೊಳ್ಳಲಿಕ್ಕೂ ಅವಳು ಧಾರವಾಡಕ್ಕೆ ಹೋಗಿ ಬರುತ್ತಿದ್ದಳು. ನನಗೂ ಅದು ಅನುಕೂಲವೇ ಆಯಿತು, ಘಟ್ಟ ಇಳಿಯುವುದು ತಪ್ಪಿತು ಎಂದುಕೊಂಡೆ. ಇಳಿಯುವ ಮನೆಯಿಲ್ಲದ ಊರಿಗೆ ಹೆಣ್ಣುಮಗಳು ಯಾವ ನೆಪ ಹೇಳಿಕೊಂಡು ಹೋಗಬೇಕು ಎಂಬುದು ನನಗೆ ಹೊಳೆಯಲಿಲ್ಲ.

ಹೋದ ವರ್ಷ ಸುಮಿತ್ರಾ ನಿವೃತ್ತಳಾದಳು. ಎರಡು ತಿಂಗಳು ಡಬ್ಬಿಗಳನ್ನೆಲ್ಲ ತೊಳೆದು ಬಿಸಿಲಿಗೆ ಇಟ್ಟಳು. ಆಮೇಲೆ ತೊಳೆಯುವ ಡಬ್ಬಿಗಳು ಮುಗಿದವು. ಒಂದು ಬೆಳಿಗ್ಗೆ ನಾನು ಹಿತ್ತಿಲಿಗೆ ಹೋದರೆ, ನನ್ನ ಎರೆಹುಳದ ತೊಟ್ಟಿಯ ಪಕ್ಕದಲ್ಲಿ ಅವಳು ಕುಕ್ಕರುಗಾಲಲ್ಲಿ ಕುಳಿತಿದ್ದಳು. ಗೋಣಿಚೀಲ ಸರಿಸಿ, ಒಂದೊಂದೇ ಹುಳವನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡುತ್ತಿದ್ದಳು. ನನ್ನ ಆನಂದ ಹೇಗೆ ವರ್ಣಿಸಲಿ! ಮೂರು ತಾಲೂಕುಗಳಿಗೆ ಮಾಡಿದ ಉಪದೇಶ ಕೊನೆಗೂ ಮನೆಯವಳ ಕಿವಿಗೆ ಬಿತ್ತಲ್ಲ ಎಂದು ಎದೆ ಉಬ್ಬಿತು.

“ಇದ್ರಾಗ ಗಟ್ಟಿ ಜಾತಿ ಯಾವುದ್ರಿ?” ಎಂದು ಕೇಳಿದಳು.

ನಾನು ಪಕ್ಕದಲ್ಲೇ ಕುಳಿತು, ಯಾವ ಜಾತಿ ಮೇಲ್ಪದರಲ್ಲಿ ಇರುತ್ತದೆ, ಯಾವುದು ಆಳಕ್ಕೆ ಇಳಿಯುತ್ತದೆ, ಯಾವುದಕ್ಕೆ ಎಷ್ಟು ತೇವ ಬೇಕು ಎಂದು ಕಾಲು ಗಂಟೆ ವಿವರಿಸಿದೆ. ಅವಳು ಶ್ರದ್ಧೆಯಿಂದ ಕೇಳಿದಳು. ಎಲ್ಲ ಮುಗಿದ ಮೇಲೆ, “ಅದು ಸರಿ. ಗಾಳಕ್ಕೆ ಸಿಕ್ಕಿಸಿದ್ರೆ ಎಷ್ಟು ಹೊತ್ತು ಜೀವ ಹಿಡಿದಿರ್ತದೆ?” ಎಂದಳು.

ನನ್ನ ಕೈಯಲ್ಲಿದ್ದ ಹುಳಕ್ಕೆ ಅರ್ಥವಾಯಿತೋ ಏನೋ, ಅದು ಸರಕ್ಕನೆ ಮಡಚಿಕೊಂಡಿತು. ನನಗೆ ಅರ್ಥವಾಗಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು.

“ಮೀನ ತಿನ್ನಬೇಕಂತ ಅನಸ್ತೇನ?” ಎಂದು ಪಿಸುದನಿಯಲ್ಲಿ ಕೇಳಿದೆ. ಅವ್ವ ಎಂಬತ್ತನಾಲ್ಕರಲ್ಲೂ ಅಡುಗೆಮನೆಯಿಂದ ಹಿತ್ತಿಲಿನ ಮಾತು ಕೇಳಿಸಿಕೊಳ್ಳುವವಳು.

“ತಿನ್ನೂದು ಯಾವಾಗೋ ಮರ್ತು ಹೋಯ್ತು,” ಎಂದಳು. “ತಿನ್ನೂದಲ್ಲ. ಹಿಡೀಬೇಕು.” ಆಮೇಲೆ ಮಣ್ಣು ಮೆತ್ತಿದ ತೋರುಬೆರಳನ್ನು ಎತ್ತಿ ತೋರಿಸಿದಳು. “ದಾರ ಇದ್ರ ಮೇಲೆ ಇರ್ತದೆ. ದಾರದ ಆ ತುದಿ ಎಲ್ಲೋ ತೆರೆಯೊಳಗೆ. ಏನೂ ಕಾಣೂದಿಲ್ಲ. ಸುಮ್ನೆ ನಿಂತಿರಬೇಕು. ಆಮೇಲೆ ಒಂದು ಜಗ್ಗು ಬರ್ತದೆ ನೋಡಿ, ಟಕ್ ಅಂತ. ಯಾರೋ ಕರೆದ ಹಾಗೆ. ಅದು ಬೇಕು ಅನಸ್ತದೆ.”

ಅವಳು ಅಷ್ಟು ಮಾತಾಡಿದ್ದನ್ನು ನಾನು ಎಷ್ಟೋ ವರ್ಷಗಳಿಂದ ಕೇಳಿರಲಿಲ್ಲ. ಆ ಬೆಳಿಗ್ಗೆ ತೊಟ್ಟಿಯ ಪಕ್ಕದಲ್ಲೇ ಕುಳಿತು ಇನ್ನಷ್ಟು ಹೇಳಿದಳು. ಅಪ್ಪ ದಂಡೆಯಲ್ಲಿ ನಿಂತು ಗಾಳ ಎಸೆಯುವಾಗ ಅವನಿಗೆ ಜೀವಂತ ಎರೆ ಒದಗಿಸುವುದು ಅವಳ ಕೆಲಸವಾಗಿತ್ತಂತೆ. ಲಂಗ ಎತ್ತಿ ಕಟ್ಟಿ, ಹಳ್ಳ ಸಮುದ್ರಕ್ಕೆ ಸೇರುವ ಕಡೆ ಹಳೆಯ ಸೀರೆಯ ತುಂಡಿನಲ್ಲಿ ಸಿಗಡಿ ಸೋಸಿ, ಮಡಕೆಯಲ್ಲಿ ಸಮುದ್ರದ ನೀರಿಟ್ಟು ತರುತ್ತಿದ್ದಳಂತೆ. “ಸತ್ತ ಸಿಗಡಿ ಗಾಳದಲ್ಲಿ ಸುಮ್ನೆ ಜೋತಾಡ್ತದೆ. ಜೀವ ಇದ್ದದ್ದು ಕಾಲು ಆಡಿಸ್ತದೆ. ಮೀನಿಗೆ ಎಲ್ಲಾ ಗೊತ್ತಾಗ್ತದೆ” ಎಂದಳು. ನಂತರ ಒಳಗೆ ಹೋಗಿ ಹೊಲಿಗೆಯ ಡಬ್ಬಿಯಿಂದ, ಗಾಳದ ದಾರಕ್ಕೆ ಭಾರಕ್ಕೆಂದು ಕಟ್ಟುವ ಒಂದು ಸೀಸದ ಗುಂಡು ತಂದು ತೋರಿಸಿದಳು. ಅಪ್ಪ ತಾನೇ ಕರಗಿಸಿ ಎರಕ ಹೊಯ್ದದ್ದು. ನಾನು ಅದನ್ನು ವರ್ಷಗಟ್ಟಲೆ ನೋಡಿದ್ದೆ. ಹೊಲಿಗೆ ಯಂತ್ರದ ಯಾವುದೋ ಭಾಗ ಕಳಚಿ ಬಿದ್ದಿದೆ ಎಂದುಕೊಂಡಿದ್ದೆ.

ಸಮುದ್ರ ದೂರ, ಹಿಡಕಲ್ ಹತ್ತಿರ ಎಂದು ನಾನು ಲೆಕ್ಕ ಹಾಕಿದೆ. ಹುಕ್ಕೇರಿಯಲ್ಲಿ ನೌಕರಿ ಮಾಡಿದವನಾದ್ದರಿಂದ ನನಗೆ ಆ ಜಲಾಶಯದ ದಂಡೆಗಳೆಲ್ಲ ಗೊತ್ತು. ಬೇಸಿಗೆಯಲ್ಲಿ ನೀರು ಹಿಂದೆ ಸರಿದು ಅಗಲವಾದ ದಂಡೆ ಬಿಡುತ್ತದೆ. ಗಾಳಿ ಬೀಸಿದರೆ ಸಣ್ಣ ಸಣ್ಣ ತೆರೆಗಳೂ ಏಳುತ್ತವೆ. ಅರೆಗಣ್ಣಲ್ಲಿ ನೋಡಿದರೆ ಸಮುದ್ರವೇ. ಗೋಕಾಕದ ಪೇಟೆಯಲ್ಲಿ ಗಾಳ, ನೈಲಾನ್ ದಾರ ಕೊಂಡೆವು. ನನ್ನ ತೊಟ್ಟಿಯಿಂದ ಇಪ್ಪತ್ತು ಹುಳಗಳನ್ನು ನಾನೇ ಆರಿಸಿ ತೇವದ ಮಣ್ಣಿನ ಜೊತೆ ಊಟದ ಡಬ್ಬಿಗೆ ತುಂಬಿದೆ. ಆರಿಸುವಾಗ ನನ್ನ ಅಂತಃಕರಣ ಎಷ್ಟು ಕೀಳುಮಟ್ಟದ್ದು ಎಂದು ತಿಳಿಯಿತು: ಚೆನ್ನಾಗಿ ದುಡಿಯುವ ದಪ್ಪ ಹುಳಗಳನ್ನು ಬಿಟ್ಟು ಸೋಮಾರಿಗಳಂತೆ ಕಂಡವನ್ನಷ್ಟೇ ಹಾಕಿದ್ದೆ.

ಅವ್ವನಿಗೆ ಹುಕ್ಕೇರಿ ಕಡೆ ಒಂದು ಗುಡಿಗೆ ಹೋಗಿ ಬರುತ್ತೇವೆ ಎಂದು ಹೇಳಿದ್ದೆ. ಹೊರಡುವಾಗ ಅವಳು ಬುತ್ತಿಯಲ್ಲಿ ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಇಟ್ಟಿದ್ದೇವೋ ಇಲ್ಲವೋ ಎಂದು ಡಬ್ಬಿಯ ಮುಚ್ಚಳ ತೆಗೆದಳು. ಸ್ವಲ್ಪ ಹೊತ್ತು ಒಳಗೆ ನೋಡಿದಳು.

“ತಮ್ಮಾ,” ಎಂದಳು, “ಹುಳಾ ಏರಸೂದು ಯಾವ ದೇವರಿಗೋ?”

ಸುಮಿತ್ರಾ ಒಂದು ಹೆಜ್ಜೆ ಮುಂದೆ ಬಂದು, “ಅತ್ತಿ, ಗಾಳಾ ಹಾಕಾಕ ಹೊಂಟೇವಿ. ಮನಿಗೆ ಏನೂ ತರೂದಿಲ್ಲ” ಎಂದಳು. ಅವ್ವ ಮುಚ್ಚಳ ಮುಚ್ಚಿ ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು. “ಇನ್ನೊಂದ ಡಬ್ಬಿಗೆ ಹಿಂಡಿ ಹಾಕ್ಕೊಂಡ ಹೋಗ್ರಿ. ಹಸಿವ್ಯಾದಾಗ ಅದಲುಬದಲು ಮಾಡಬ್ಯಾಡ್ರಿ” ಎಂದು ಒಳಗೆ ಹೋದಳು.

ಹಿಡಕಲ್ಲಿನ ದಂಡೆಯಲ್ಲಿ ಯಾರೂ ಇರಲಿಲ್ಲ. ಸುಮಿತ್ರಾ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೀಸದ ಗುಂಡು ಕಟ್ಟಿದ ದಾರವನ್ನು ತಲೆಯ ಮೇಲೆ ಎರಡು ಸುತ್ತು ತಿರುಗಿಸಿ ಬಿಟ್ಟಳು. ಅರವತ್ತು ವರ್ಷದ ಹೆಂಗಸು ಎಸೆದದ್ದು ಎಂದು ಯಾರೂ ಹೇಳಲಾರರು, ಅಷ್ಟು ದೂರ ಹೋಯಿತು. ಎರಡನೆಯ ಗಾಳಕ್ಕೆ ಹುಳ ಸಿಕ್ಕಿಸುವ ಕೆಲಸವನ್ನು ನನಗೆ ಕೊಟ್ಟಳು. ಒಂದು ಕೈಯಲ್ಲಿ ಗಾಳ, ಇನ್ನೊಂದು ಕೈಯಲ್ಲಿ ಹೊರಳಾಡುವ ಹುಳ ಹಿಡಿದು, ನನ್ನ ಇಡೀ ಸೇವಾವಧಿಯನ್ನು ನೆನೆದುಕೊಂಡು ನಿಂತಿದ್ದೆ. ಆಗ ಹಿಂದಿನಿಂದ ಒಂದು ಧ್ವನಿ ಬಂತು.

“ನಮಸ್ಕಾರ್ರಿ ಸಾಹೇಬ್ರ! ಗುರ್ತ ಸಿಗಲಿಲ್ಲೇನ್ರಿ?”

ತಿರುಗಿ ನೋಡಿದರೆ ಕೈಯಲ್ಲಿ ಕೋಲು ಹಿಡಿದ ಒಬ್ಬ ಮನುಷ್ಯ. ಆ ನೀರಿನ ಮೀನು ಗುತ್ತಿಗೆ ಹಿಡಿದವರು ಇಟ್ಟ ಕಾವಲುಗಾರ. ಹೆಸರು ಬಸಪ್ಪ ಎಂದು ಅವನೇ ಹೇಳಿದ. “ನಮ್ಮೂರಿಗೆ ಬಂದು ಎರಿಹುಳದ ಗುಂಡಿ ತೋಡಿಸಿದ್ರಲ್ರಿ! ನಿಮ್ಮ ಭಾಷಣ ಕೇಳಿ ನನ್ನ ಹೇಣ್ತಿ ಇವತ್ತಿನತನಾ ಕುದಿಯೂ ನೀರ ನೆಲಕ್ಕ ಚೆಲ್ಲೂದಿಲ್ರಿ. ಹುಳಾ ಸಾಯ್ತಾವಂತ ಆರಿಸಿ ಚೆಲ್ತಾಳ್ರಿ.” ಇಷ್ಟು ಹೇಳುವಷ್ಟರಲ್ಲಿ ಅವನ ಕಣ್ಣು ನನ್ನ ಕೈಯ ಮೇಲೆ ಬಿತ್ತು. “ಅದೇನ್ರಿ ಸಾಹೇಬ್ರ, ಕೈಯಾಗ?”

“ಪ್ರಯೋಗ,” ಎಂದೆ.

“ಇಲಾಖಾದ್ದೇನ್ರಿ?”

“ಹೌದು,” ಎಂದೆ. ನಿವೃತ್ತನಾಗಿ ಎರಡು ವರ್ಷವಾಗಿತ್ತು.

“ಸುಳ್ಳ ಹೇಳಾಕತ್ತಾರ,” ಎಂದಳು ಸುಮಿತ್ರಾ ನೀರಿನಿಂದ ಕಣ್ಣು ತೆಗೆಯದೆ. “ನನಗ ಮೀನ ಹಿಡೀಬೇಕಾಗಿತ್ತು. ಅವ್ರು ಬರೇ ಹುಳಾ ಹಿಡ್ಕೊಂಡಾರ.”

ಬಸಪ್ಪ ಒಳ್ಳೆಯವನು. ಗದರಿಸಲಿಲ್ಲ. “ಅಕ್ಕಾರ, ಗುತ್ತಿಗಿ ನೀರ್ರಿ ಇದು. ಗಾಳಾ ಹಾಕಂಗಿಲ್ರಿ. ನನ್ನ ನೌಕರಿಗೆ ಬರ್ತೈತ್ರಿ” ಎಂದು ಕೈ ಮುಗಿದ. ಸುಮಿತ್ರಾ ದಾರವನ್ನು ಸುತ್ತತೊಡಗಿದಳು. ಬಸಪ್ಪ ನನ್ನತ್ತ ತಿರುಗಿ, “ಮನ್ಯಾಗ ಹೇಳೂದಿಲ್ರಿ ಸಾಹೇಬ್ರ. ಹೇಳಿದ್ರ ನನ್ನ ಹೇಣ್ತಿ ನೊಂದ್ಕೊಂತಾಳ್ರಿ” ಎಂದ. ಅವನು ಬೈದಿದ್ದರೆ ಚೆನ್ನಾಗಿತ್ತು. ಉಳಿದ ಹುಳಗಳನ್ನು ಅಲ್ಲೇ ಒಂದು ಮಾವಿನ ಗಿಡದ ಬುಡದ ತಂಪು ಮಣ್ಣಿಗೆ ಬಿಟ್ಟು ಬಂದೆ. ಸೋಮಾರಿಗಳಂತೆ ಕಂಡಿದ್ದವು ಎಷ್ಟು ಚುರುಕಾಗಿ ಒಳಗೆ ಇಳಿದವು ಎನ್ನುತ್ತೀರಿ!

ಬಸ್ಸಿನಲ್ಲಿ ಸುಮಿತ್ರಾ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. “ಬ್ಯಾಸರಾತೇನ?” ಎಂದೆ. “ಇಲ್ಲ. ಆ ಕಾವಲಿನವ್ರು ಬಿಟ್ಟಿದ್ರೂ ಅಷ್ಟೇ ಇತ್ತು. ಆ ನೀರು ಜಗ್ಗೂದಿಲ್ಲ. ಸಮುದ್ರದಲ್ಲಿ ಮೀನು ಬರಲಿ ಬಿಡಲಿ, ತೆರೆ ದಾರವನ್ನ ಎಳೀತಾನೇ ಇರ್ತದೆ. ಇಲ್ಲಿ ದಾರ ಸುಮ್ನೆ ಮಲಗಿತ್ತು” ಎಂದಳು. ಆಮೇಲೆ ನನ್ನ ಮುಖ ನೋಡಿ, “ನೀವು ಕರ್ಕೊಂಡು ಬಂದ್ರಲ್ಲ, ಸಾಕು ಬಿಡ್ರಿ” ಎಂದು ನಮ್ಮ ಕಡೆಯ ಮಾತಿಗೆ ಬಂದುಬಿಟ್ಟಳು. ಅವಳು ಇನ್ನು ಈ ವಿಷಯವನ್ನು ಎತ್ತುವುದಿಲ್ಲ, ಬಾಗಿಲು ಹಾಕಿಕೊಂಡಳು ಎಂದು ನನಗೆ ಗೊತ್ತಾಯಿತು.

ಮನೆಗೆ ಬಂದ ಮೇಲೆ ಸುಮಿತ್ರಾ ಸ್ನಾನಕ್ಕೆ ಹೋದಾಗ ಅವ್ವ ನನ್ನನ್ನು ಕರೆದಳು. “ಸಿಕ್ತೇನೋ?” ಎಂದಳು. ಇಲ್ಲ ಎಂದೆ. ಅವಳು ಜೋಳ ಹಸನು ಮಾಡುತ್ತಲೇ ಹೇಳಿದಳು: “ನಾ ಅವತ್ತ ಒಂದ ಮಾತ ಅಂದಿದ್ದೆ. ಆಕಿ ಒಂದ ವರ್ಷ ನಡಿಸ್ಯಾಳು, ಆಮ್ಯಾಲ ನಾನ ಕಂಡೂ ಕಾಣದಂಗ ಇದ್ರಾತು ಅನ್ಕೊಂಡಿದ್ದೆ. ಮೂವತ್ತ ವರ್ಷ ನಡಿಸಿದ್ಲು ನೋಡು.” ಮತ್ತೆ ನಾಲ್ಕು ಕಾಳು ಆರಿಸಿ, “ನಾ ಹೊಸ್ತಿಲದ ಮಾತ ಅಂದಿದ್ದೆ. ಸಮುದ್ರಕ್ಕ ಹೋಗಬ್ಯಾಡ ಅಂದಿದ್ದೆನೇನೋ? ನೀ ಯಾಕ ಕರ್ಕೊಂಡ ಹೋಗಲಿಲ್ಲ?” ಎಂದಳು.

ತಪ್ಪೆಲ್ಲ ಅವ್ವನ ಆಚಾರದ್ದು ಎಂದು ಮನಸ್ಸಿನ ಮೂಲೆಯಲ್ಲಿ ಒಂದು ಕಡತ ಮಾಡಿಟ್ಟುಕೊಂಡು ನಾನು ಆರಾಮಾಗಿದ್ದೆ. ಮಳೆಗಾಲ ಕಳೆದು ಸಮುದ್ರ ಶಾಂತವಾಗಲಿ ಎಂದು ಕಾದು, ಚಳಿ ಶುರುವಾದ ಮೇಲೆ ಸಂಕೇಶ್ವರದಲ್ಲಿರುವ ಮಗಳನ್ನು ಅಜ್ಜಿಯ ಜೊತೆ ನಾಲ್ಕು ದಿನ ಇರಲು ಕರೆಸಿ, ನಾನೂ ಸುಮಿತ್ರಾಳೂ ಘಟ್ಟ ಇಳಿದೆವು. ಸುಮಿತ್ರಾಳ ಊರಲ್ಲಿ ಇಳಿಯಲು ಮನೆ ಇರಲಿಲ್ಲ. ಅಂಕೋಲೆಯಲ್ಲಿ ಒಂದು ಕೋಣೆ ಹಿಡಿದು, ಬೆಳಗಾಗುತ್ತಲೇ ಆಟೋದಲ್ಲಿ ದಂಡೆಗೆ ಹೋದೆವು. ಅವರ ಹಳೆಯ ಮನೆಯ ಜಾಗದಲ್ಲಿ ಯಾರದೋ ಎರಡಂತಸ್ತಿನ ಕಟ್ಟಡ ಎದ್ದಿತ್ತು. ಸುಮಿತ್ರಾ ಅದನ್ನು ಒಮ್ಮೆ ನೋಡಿದಳು. ನಾನು ಅಲ್ಲಿ ಸ್ವಲ್ಪ ನಿಲ್ಲುತ್ತಾಳೆ ಎಂದುಕೊಂಡೆ. ನಿಲ್ಲಲಿಲ್ಲ, ನೇರವಾಗಿ ಮರಳಿಗೆ ಇಳಿದಳು.

ಹಳ್ಳ ಸಮುದ್ರಕ್ಕೆ ಸೇರುವ ಕಡೆ ಒಬ್ಬ ಮುದುಕ ಬೀಸುಬಲೆ ಹಾಕುತ್ತಿದ್ದ. ಸುಮಿತ್ರಾ ಅವನೊಂದಿಗೆ ಕೊಂಕಣಿಯಲ್ಲಿ ಏನೋ ಮಾತಾಡಿದಳು. ಅವನು ನಕ್ಕು, ತನ್ನ ಬಲೆಯಿಂದ ಹದಿನೈದಿಪ್ಪತ್ತು ಜೀವಂತ ಸಿಗಡಿಗಳನ್ನು ನಮ್ಮ ಬಕೆಟ್ಟಿಗೆ ಹಾಕಿದ. ದುಡ್ಡು ಬೇಡವೆಂದ. ಗಾಜಿನಂತೆ ಪಾರದರ್ಶಕವಾದ ಪ್ರಾಣಿಗಳು. ಕಪ್ಪು ಚುಕ್ಕೆಯಂಥ ಕಣ್ಣುಗಳಷ್ಟೇ ಕಾಣುತ್ತವೆ. “ಇವನ್ನ ಜೀವಂತ ಇಡೂದು ನಿಮ್ಮ ಕೆಲಸ. ಬಿಸಿಲು ತಾಗಬಾರ್ದು. ನೀರು ಬಿಸಿ ಆಗಬಾರ್ದು. ಐದೈದು ನಿಮಿಷಕ್ಕೆ ಹೊಸ ನೀರು” ಎಂದು ನನಗೆ ಅಪ್ಪಣೆಯಾಯಿತು. ನಾನು ಪಂಚೆ ಎತ್ತಿ ಕಟ್ಟಿ ತೆರೆಗೂ ಬಕೆಟ್ಟಿಗೂ ಓಡಾಡತೊಡಗಿದೆ. ತೇವದ ಟವೆಲ್ ಮುಚ್ಚಿದೆ. ಬಗ್ಗಿ ಬಗ್ಗಿ ಎಣಿಸಿದೆ. ಹುಳಗಳಿಗೆ ಮಾಡಿದ ಸೇವೆಯನ್ನೇ ಸಿಗಡಿಗಳಿಗೆ ಮಾಡುತ್ತಿದ್ದೆ. ಸಾಕುವುದು ಏತಕ್ಕೆ ಎಂಬುದನ್ನು ಮಾತ್ರ ಯೋಚಿಸದೆ. ಹಾಗೆ ನೋಡಿದರೆ, ನೌಕರಿಯಲ್ಲಿದ್ದಾಗ ಹೊಲಹೊಲಕ್ಕೆ ನಿಂತು ಔಷಧ ಹೊಡೆಸಿ ಕೊಲ್ಲಿಸಿದ ಕೀಟಗಳಿಗೆ ಲೆಕ್ಕವುಂಟೇ? ಅವು ಬಕೆಟ್ಟಿನಲ್ಲಿ ಕುಳಿತು ನನ್ನನ್ನು ನೋಡಿರಲಿಲ್ಲ, ಅಷ್ಟೇ.

ಸುಮಿತ್ರಾ ಒಂದು ಸಿಗಡಿಯನ್ನು ತೆಗೆದು ಎರಡು ಬೆರಳಲ್ಲಿ ಹಿಡಿದಳು. “ಆ ಕಡೆ ನೋಡ್ರಿ” ಎಂದಳು. ಈ ಸಲ ನಿಜವಾಗಿಯೂ ಆ ಕಡೆ ನೋಡಿದೆ. ಮತ್ತೆ ತಿರುಗುವಷ್ಟರಲ್ಲಿ ಬಾಲದ ಹತ್ತಿರ, ಜೀವಕ್ಕೆ ತಗಲದ ಕಡೆ ಗಾಳ ಹೋಗಿತ್ತು. ಸಿಗಡಿ ಕಾಲು ಆಡಿಸುತ್ತಲೇ ಇತ್ತು. ಮೂವತ್ತು ವರ್ಷ ನರ ಹುಡುಕಿ ಸೂಜಿ ಹಾಕಿದ ಕೈ ಅದು.

ಮೊಣಕಾಲಿನವರೆಗೆ ನೀರಿಗಿಳಿದು, ತೆರೆ ಹಿಂದೆ ಸರಿಯುವುದನ್ನು ನೋಡಿಕೊಂಡು ಎಸೆದಳು. ಆಮೇಲೆ ಹಿಂದೆ ಹಿಂದೆ ನಡೆದು ಬಂದು, ದಾರವನ್ನು ತೋರುಬೆರಳ ಮೇಲೆ ಹಾಯಿಸಿಕೊಂಡು ನಿಂತಳು. ಕಣ್ಣು ಅರೆಮುಚ್ಚಿದ್ದವು. ನಾನು ಎಷ್ಟೋ ಸಲ ನೋಡಿದ ನಿಲುವು ಅದು. ಆಗೆಲ್ಲ ತೈಲ ತಂದುಕೊಟ್ಟ ನಾನು, ಈಗ ಬಕೆಟ್ ಹಿಡಿದು ನಿಂತಿದ್ದೆ.

ಮೊದಲ ಸಿಗಡಿಯನ್ನು ಮೀನು ನಯವಾಗಿ ಬಿಡಿಸಿಕೊಂಡು ತಿಂದು ಹೋಯಿತು. ಬರಿಗಾಳ ನೋಡಿ ಸುಮಿತ್ರಾ ನಕ್ಕಳು. ಹೊಟ್ಟೆಯಿಂದ ಬಂದ ಆ ನಗೆ ನನಗೆ ಹೊಸದು. ನನ್ನನ್ನು ಕಾಣುವುದಕ್ಕೂ ಮೊದಲು ಅವಳಲ್ಲಿ ಇದ್ದದ್ದು. ಎರಡನೆಯದೂ ಹೋಯಿತು. ಮೂರನೆಯ ಸಲ ಅವಳ ಬೆರಳು ಕೆಳಕ್ಕೆ ಬಾಗಿದ್ದನ್ನು ನಾನೂ ಕಂಡೆ. “ಬಂತು!” ಎಂದವಳೇ ಕೈ ಮೇಲೆ ಕೈ ಹಾಕಿ ಎಳೆಯುತ್ತಾ ಮರಳಿನ ಮೇಲೆ ಹಿಂದಕ್ಕೆ ನಡೆದಳು. ತೆರೆಯ ನೊರೆಯೊಳಗಿಂದ ಬೆಳ್ಳಗೆ, ಉದ್ದಕ್ಕೆ, ಕೈಯಷ್ಟು ದೊಡ್ಡ ಮೀನೊಂದು ಹೊರಳುತ್ತಾ ಬಂತು. “ನೊಗಲಿ!” ಎಂದು ಕೂಗಿದಳು. ಅದು ಆ ಮೀನಿನ ಹೆಸರು. ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತವಳ ಗಲ್ಲದ ಮೇಲೆ ನೀರಿತ್ತು. ಸಮುದ್ರದ್ದು ಎಂದು ನಾನು ತಿಳಿದುಕೊಂಡೆ. ನಾನು ಹಾಗೆಯೇ ತಿಳಿಯಲಿ ಎಂದು ಅವಳೂ ಸೆರಗಿನಿಂದ ಒರೆಸಿಕೊಂಡಳು.

“ತಿಂತೀಯೇನ? ಆ ಅಜ್ಜನ ಮನ್ಯಾಗ ಮಾಡಿಸೋಣ. ಅವ್ವನೂ ಏನೂ ಅನ್ನೂದಿಲ್ಲ” ಎಂದೆ. ಅವಳು ಬೇಡವೆಂದು ತಲೆಯಾಡಿಸಿದಳು. ಮೀನನ್ನು ತೆಗೆದುಕೊಂಡು ಹೋಗಿ ಬಲೆಯ ಮುದುಕನ ಬುಟ್ಟಿಗೆ ಹಾಕಿ ಬಂದಳು. ನಾನು ಹೆಗಲು ಕುಣಿಸುತ್ತಾ ಬಕೆಟ್ಟಿನ ಕಡೆ ತಿರುಗಿದೆ. ಅಷ್ಟರಲ್ಲಿ ಅವಳು ಹೊಸ ಸಿಗಡಿ ಸಿಕ್ಕಿಸಿ, ಎಸೆದು, ಬಂದು ದಾರವನ್ನು ನನ್ನ ಬೆರಳ ಮೇಲೆ ಇಟ್ಟುಬಿಟ್ಟಳು.

“ನನಗ ಬ್ಯಾಡ,” ಎಂದೆ. “ನನ್ನ ಕೊರಳಾಗ ಲಿಂಗ ಐತಿ.”

“ದಾರ ಬೆರಳಾಗ ಐತಿ. ಸುಮ್ನೆ ನಿಂದ್ರಿ,” ಎಂದಳು.

ನಿಂತೆ. ಮೊದಲು ಏನೂ ಇರಲಿಲ್ಲ. ಆಮೇಲೆ ತೆರೆಯ ಎಳೆತ ಗೊತ್ತಾಯಿತು. ಅದು ದಾರವನ್ನು ಒಯ್ಯುತ್ತಿತ್ತು, ತಂದು ಬಿಡುತ್ತಿತ್ತು, ಮತ್ತೆ ಒಯ್ಯುತ್ತಿತ್ತು. ಕಾಲ ಕೆಳಗಿನ ಮರಳೂ ಹಾಗೆಯೇ ಜಾರುತ್ತಿತ್ತು. ಎದುರಿಗೆ ನೀರು, ಮತ್ತೆ ನೀರು. ನಾನು ಭಾಷಣ ಮಾಡಬಹುದಾದ ಒಂದು ಅಂಗೈ ಮಣ್ಣೂ ಕಣ್ಣಿಗೆ ಬೀಳುತ್ತಿರಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ. ಒಮ್ಮೆಲೇ ಟಕ್ ಎಂದಿತು. ಅವಳು ಹೇಳಿದ್ದು ಖರೆ. ಕಣ್ಣಿಗೆ ಕಾಣದ ಯಾರೋ, ಬಹಳ ದೂರದಿಂದ, ನನ್ನನ್ನೇ ಹುಡುಕಿಕೊಂಡು ಬಂದು ಬೆರಳು ಮುಟ್ಟಿ ಕರೆದ ಹಾಗೆ ಆಯಿತು. ನಾನು “ಏ, ಬಂತ, ಬಂತ!” ಎಂದು ಕಿರುಚಿ, ಎಳೆಯುವುದನ್ನು ಬಿಟ್ಟು, ಕರೆದವರ ಕಡೆಗೇ ನಾಲ್ಕು ಹೆಜ್ಜೆ ಓಡಿದೆ. ದಾರ ಸಡಿಲಾಯಿತು. ಎದುರಿನಿಂದ ತೆರೆ ಬಂದು ನನ್ನನ್ನು ಮಗುಚಿ ಹಾಕಿತು. ಎದ್ದು ಕಣ್ಣೊರೆಸಿಕೊಂಡಾಗ ಮೀನೂ ಇರಲಿಲ್ಲ, ಸಿಗಡಿಯೂ ಇರಲಿಲ್ಲ, ಪಂಚೆ ಅರ್ಧ ಮಾತ್ರ ಇತ್ತು. ಬಲೆಯ ಮುದುಕ ಆ ಕಡೆ ತಿರುಗಿ ನಿಂತು ನಗುತ್ತಿದ್ದ. ಸುಮಿತ್ರಾ ಈ ಕಡೆಯೇ ತಿರುಗಿ ನಗುತ್ತಿದ್ದಳು.

ವಾಪಸ್ ಬರುವಾಗ ಘಟ್ಟದುದ್ದಕ್ಕೂ ಸುಮಿತ್ರಾ ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆ ಮಾಡಿದಳು. ಬಹಳ ದಿನದ ನಿದ್ದೆ ಅದು. ಅಂದಿನಿಂದ ಅವಳು ಹಗುರಾಗಿದ್ದಾಳೆ. ಅವ್ವನಿಗೆ ಸಮುದ್ರದ ಕತೆ ಹೇಳುತ್ತಾಳೆ. ಅವ್ವ ಸಿಗಡಿಯ ಕಾಲು ಎಷ್ಟು, ಮೀಸೆ ಎಷ್ಟು ಎಂದು ಮತ್ತೆ ಮತ್ತೆ ಕೇಳುತ್ತಾಳೆ. ನಾನು “ಮುಂದಿನ ತಿಂಗಳ ಮತ್ತ ಹೋಗೋಣೇನ?” ಎಂದರೆ, ಸುಮಿತ್ರಾ ಮೆಣಸಿನಕಾಯಿ ಬಿಡಿಸುತ್ತಾ, “ಈಗೇನ ಅವಸರ? ಆತಲ್ಲ, ಹೋಗಿ ಬಂದ್ವಿ” ಎನ್ನುತ್ತಾಳೆ. ಅವಳಿಗೆ ಆಯಿತು. ಅಷ್ಟು ವರ್ಷ ಬಯಸಿದ್ದನ್ನು ಒಂದು ಮೀನಿಗೆ ಮುಗಿಸಿ ಬಂದುಬಿಟ್ಟಳಲ್ಲ, ಇದೆಂಥ ಹೆಂಗಸು!

ನಿನ್ನೆ ಗೋಕಾಕದ ಬಸ್ ನಿಲ್ದಾಣದ ಮುಂದೆ ಹಾದು ಹೋಗುತ್ತಿದ್ದೆ. ಕಾಲು ತಾನಾಗಿಯೇ ಒಳಗೆ ನಡೆಯಿತು. ವಿಚಾರಣೆಯ ಕಿಟಕಿಯಲ್ಲಿ ಕುಳಿತಿದ್ದ ಕಂಟ್ರೋಲರ್‌ಗೆ, ಅಂಕೋಲೆಗೆ ಹೋಗಲು ಬೆಳಿಗ್ಗೆ ಎಷ್ಟು ಗಂಟೆಯ ಬಸ್ಸು ಹಿಡಿಯಬೇಕು ಎಂದು ಕೇಳಿದೆ. ಅವರು ಹುಬ್ಬಳ್ಳಿಯಲ್ಲಿ ಬದಲಿಸಬೇಕು ಎಂದು ಹೇಳಿ, “ಸಾಹೇಬ್ರ, ನಿಮಗ ಅಷ್ಟ ದೂರ ಅಲ್ಲೇನ ಕೆಲಸ ಬಂತ್ರಿ?” ಎಂದರು.

ನಾನು ನನ್ನ ತೋರುಬೆರಳನ್ನು ಅಂಗಿಯ ಜೇಬಿನೊಳಗೆ ಹಾಕಿಕೊಂಡೆ.

“ನನಗೇನ ಇಲ್ರಿ,” ಎಂದೆ. “ಮನಿಯವರಿಗೆ ತವರ ನೆನಪಾಗೇತ್ರಿ. ಭಾಳ ಹಟಾ ಮಾಡಾಕತ್ತಾರ್ರಿ.”